ರೇಷ್ಮೆಯ ಊರಿನ ಖಾನಾವಳಿ

ಆಲ್ಪ್ಸ್ ಪರ್ವತಗಳ ಹಿಮನೀರನ್ನು ಹೊತ್ತು ರಭಸದಿಂದ ಇಳಿದುಬರುವ ರೋನ್ ನದಿಯೂ, ಬಡಗಣ ಬಯಲುಗಳ ನಡುವೆ ಅವಸರವಿಲ್ಲದೆ ಹರಿದುಬರುವ ಸೋನ್ ನದಿಯೂ ಒಂದನ್ನೊಂದು ಕೂಡುವ ಎಡೆಯಲ್ಲಿ ಫ್ರಾನ್ಸ್ ದೇಶದ ಲಿಯೋನ್ ನಗರವಿದೆ. ಕ್ರಿ.ಪೂ. 43ರಲ್ಲಿ ರೋಮನರು ಕಟ್ಟಿದ ಪಟ್ಟಣ ಇದು. ಪ್ಯಾರಿಸಿನಿಂದ ವೇಗದ ರೈಲಿನಲ್ಲಿ ಹೊರಟರೆ ಸುಮಾರು ಎರಡು ಗಂಟೆಯ ಪ್ರಯಾಣ. ನಗರವನ್ನು ಎರಡು ಗುಡ್ಡಗಳು ಕಾಯುತ್ತಿವೆ. ಪಶ್ಚಿಮದ ಫೂರ್ವಿಯೇರ್ ಗುಡ್ಡದ ನೆತ್ತಿಯಲ್ಲಿ ಮಾತೆ ಮೇರಿಯ ಬಿಳಿಯ ದೇವಾಲಯ. ಉತ್ತರದ ಕ್ರ್ವಾ-ರೂಸ್ ಗುಡ್ಡದ ಮೈತುಂಬ ಎತ್ತರವಾದ, ಅಲಂಕಾರವಿಲ್ಲದ ಮನೆಗಳ ಸಾಲು. ಮೊದಲನೆಯದನ್ನು ‘ಪ್ರಾರ್ಥಿಸುವ ಗುಡ್ಡ’ವೆಂದೂ ಎರಡನೆಯದನ್ನು ‘ದುಡಿಯುವ ಗುಡ್ಡ’ವೆಂದೂ ಕರೆಯುವುದು ವಾಡಿಕೆ. ಲಿಯೋನಿಗೆ ಬಂದ ಯಾತ್ರಿಕ ಮೊದಲನೆಯ ಗುಡ್ಡವನ್ನು ಹತ್ತಿ, ದೇವಾಲಯವನ್ನು ನೋಡಿ, ಚಿತ್ರ ತೆಗೆದುಕೊಂಡು ಇಳಿಯುತ್ತಾನೆ. ಹಸಿವಾದಾಗ ಅವನು ವಿಚಾರಿಸಿಕೊಂಡು ಹೋಗುವ ಊಟ ಮಾತ್ರ ಎರಡನೆಯ ಗುಡ್ಡದ್ದು.

ಆ ಊಟ ಸಿಕ್ಕುವ ಸ್ಥಳಕ್ಕೆ ‘ಬೂಶೋನ್’ ಎಂದು ಹೆಸರು. ದೊಡ್ಡ ಹೋಟೆಲಿನ ವೈಭವ ಇಲ್ಲಿಲ್ಲ. ಬರಿಯ ಮದ್ಯದಂಗಡಿಯೂ ಇದಲ್ಲ. ಹುಬ್ಬಳ್ಳಿ ಧಾರವಾಡಗಳ ಕಡೆಯ ವಾಚಕರಿಗೆ ‘ಖಾನಾವಳಿ’ ಎಂದುಬಿಟ್ಟರೆ ಬೇರೆ ವ್ಯಾಖ್ಯಾನ ಬೇಕಾಗಲಾರದು. ಇಂದಿನ ಫ್ರೆಂಚ್ ಮಾತಿನಲ್ಲಿ ಬೂಶೋನ್ ಎಂದರೆ ಸೀಸೆಯ ಬಿರಡೆ. ಮದ್ಯ ಹರಿಯುವ ಸ್ಥಳಕ್ಕೆ ಬಿರಡೆಯ ಹೆಸರು ಒಪ್ಪುವಂತೆಯೇ ಕಂಡರೂ ಬಲ್ಲವರು ಅದನ್ನು ಒಪ್ಪುವುದಿಲ್ಲ. ಹಿಂದಿನ ಕಾಲದಲ್ಲಿ ದಾರಿಬದಿಯ ಛತ್ರದಂಥ ಮನೆಗಳ ಬಾಗಿಲಿಗೆ ಹುಲ್ಲಿನ ಅಥವಾ ಸೊಪ್ಪಿನ ಕಂತೆಯೊಂದನ್ನು ಗುರುತಿಗಾಗಿ ತೂಗುಹಾಕುತ್ತಿದ್ದರಂತೆ. ಒಳಗೆ ಕುಡಿಯಲು ಸಿಕ್ಕುತ್ತದೆ ಎಂದು ಅದರ ಅರ್ಥ. ಹಳೆಯ ಮಾತಿನಲ್ಲಿ ಆ ಕಂತೆಯ ಹೆಸರೇ ಮನೆಗೂ ಬಂತು ಎನ್ನುತ್ತಾರೆ. ಓದಲು ಬರೆಯಲು ಬಾರದ ಗಾಡಿಯವನಿಗೂ ಅರ್ಥವಾಗುವ ಫಲಕ!

ನಗರಸಭೆಯ ಭವ್ಯವಾದ ಕಟ್ಟಡದ ಬಳಿಯ ಇಕ್ಕಟ್ಟಾದ ಬೀದಿಗಳಲ್ಲಿ ಈ ಬಗೆಯ ಮನೆಗಳು ಇಂದಿಗೂ ಉಂಟು. ಮಧ್ಯಾಹ್ನ ಹನ್ನೆರಡು ಹೊಡೆಯುವುದೇ ತಡ, ಕಚೇರಿಯವರು, ವರ್ತಕರು, ವಯಸ್ಸಾದ ದಂಪತಿಗಳು, ನಾಲ್ಕಾರು ಪರದೇಶದವರು, ಎಲ್ಲರೂ ಅದೇ ಕಿರುಬಾಗಿಲಿನಲ್ಲಿ ನುಗ್ಗುತ್ತಾರೆ. ಒಳಗೆ ಕಾಲಿಟ್ಟವನು ಮೊದಲು ‘ಬೋಂಜೂರ್’ ಎನ್ನಬೇಕು. ನಮಸ್ಕಾರ ಹೇಳದೆ ಕುರ್ಚಿ ಎಳೆದುಕೊಂಡವನಿಗೆ ಊಟ ದೊರೆಯದೆ ಹೋಗುವುದಿಲ್ಲ. ನಗುಮುಖ ಮಾತ್ರ ದೊರೆಯುವುದು ಕಷ್ಟ. ಒಂದು ಕಡೆ ತಗಡು ಹೊದಿಸಿದ ಹಳೆಯ ಕಟ್ಟೆ. ಗೋಡೆಯ ಮೇಲೆ ತಾಮ್ರದ ಬಾಣಲೆಗಳು, ಮಾಸಿದ ಚಿತ್ರಗಳು, ಒಂದೆರಡು ಕೈಗೊಂಬೆಗಳು. ಕೆಂಪು ಬಿಳಿ ಚೌಕಳಿಯ ಮೇಜುವಸ್ತ್ರ. ಮೇಜುಗಳ ನಡುವಣ ಅಂತರ ಎಷ್ಟು ಕಡಿಮೆಯೆಂದರೆ ಪಕ್ಕದವನ ಮೊಣಕೈಗೂ ತನ್ನ ಮೊಣಕೈಗೂ ಸಂಧಾನ ಮಾಡಿಕೊಂಡೇ ಉಣ್ಣಬೇಕು. ಎರಡನೆಯ ಬಡಿಸುವಿಕೆಯ ಹೊತ್ತಿಗೆ ಆ ಪಕ್ಕದವನು ತನ್ನ ತಟ್ಟೆಯಲ್ಲಿರುವುದು ಏನೆಂದು ಪರದೇಶಿಗೆ ವಿವರಿಸತೊಡಗಿರುತ್ತಾನೆ.

ಫ್ರಾನ್ಸಿನಲ್ಲಿ ‘ಮೆನು’ ಎಂದರೆ ನಮ್ಮಲ್ಲಿಯಂತೆ ತಿಂಡಿಗಳ ಪಟ್ಟಿಯಲ್ಲ. ಗೊತ್ತಾದ ಬೆಲೆಗೆ ಗೊತ್ತಾದ ಕ್ರಮದಲ್ಲಿ ಬರುವ ಪೂರ್ಣ ಊಟ. ಬಿಡಿಬಿಡಿಯಾಗಿ ಆರಿಸಿಕೊಳ್ಳುವವನಿಗೆ ಪಟ್ಟಿ ಬೇರೆ, ಅದಕ್ಕೆ ‘ಕಾರ್ತ್’ ಎಂದು ಹೆಸರು. ರೊಟ್ಟಿಯ ಬುಟ್ಟಿಗೂ ಹೂಜಿಯ ನೀರಿಗೂ ಪ್ರತ್ಯೇಕ ಬೆಲೆಯಿಲ್ಲ. ಬಡಿಸಿದವರ ಸೇವಾಶುಲ್ಕ ಬೆಲೆಯಲ್ಲಿಯೇ ಸೇರಿರುತ್ತದೆ. ಮದ್ಯ ಬರುವುದು ‘ಪೋ’ ಎಂಬ ದಪ್ಪ ತಳದ ಸೀಸೆಯಲ್ಲಿ. ಅದರ ಅಳತೆ ಅರ್ಧ ಲೀಟರಲ್ಲ, 46 ಸೆಂಟಿಲೀಟರು. ಹಿಂದೆ ಕೆಲಸಗಾರರಿಗೆ ಕೊಡುತ್ತಿದ್ದ ಅರ್ಧ ಲೀಟರಿನಲ್ಲಿ ಧಣಿಗಳು ನಾಲ್ಕು ಸೆಂಟಿಲೀಟರು ಉಳಿಸಿಕೊಂಡದ್ದರಿಂದ ಹೀಗಾಯಿತೆಂದು ಊರಿನವರು ಕಥೆ ಹೇಳುತ್ತಾರೆ. ಕಥೆ ನಿಜವೋ ಅಲ್ಲವೋ, ಧಣಿಗಳ ವಿಷಯದಲ್ಲಿ ಊರಿನ ಅಭಿಪ್ರಾಯವೇನೆಂಬುದು ಅದರಿಂದ ತಿಳಿಯುತ್ತದೆ. ನೆರೆಯ ಬೋಜೋಲೇ ಸೀಮೆಯ ಕೆಂಪು ಮದ್ಯ ಇಲ್ಲಿ ಎಷ್ಟು ಧಾರಾಳವೆಂದರೆ, ಲಿಯೋನಿಗೆ ಮೂರು ನದಿಗಳು, ಮೂರನೆಯದು ಬೋಜೋಲೇ ಎಂಬುದು ಹಳೆಯ ಚಟಾಕಿ.

ಮೊದಲು ಬರುವುದು ಪಿಂಗಾಣಿ ಬೋಗುಣಿಗಳ ಸಾಲು. ಒಂದರಲ್ಲಿ ಎಣ್ಣೆ, ವಿನೆಗರು ಬೆರೆಸಿದ ಬೇಳೆಕಾಳು, ಇನ್ನೊಂದರಲ್ಲಿ ಬೀಟ್‌ರೂಟು, ಮತ್ತೊಂದರಲ್ಲಿ ಆಲೂಗಡ್ಡೆಯೊಡನೆ ಉಪ್ಪುಮೀನು, ಮಗುದೊಂದರಲ್ಲಿ ಕುರಿಯ ಕಾಲು. ಕಹಿ ಸೊಪ್ಪಿನ ಮೇಲೆ ಹುರಿದ ಹಂದಿಮಾಂಸದ ಚೂರು, ಕರಿದ ರೊಟ್ಟಿಯ ತುಣುಕು, ನೀರಿನಲ್ಲಿ ಒಡೆದು ಬೇಯಿಸಿದ ಮೊಟ್ಟೆ ಇಟ್ಟ ‘ಲಿಯೋನಿನ ಸಲಾಡ್’ ಜಗತ್ತಿನಾದ್ಯಂತ ಪ್ರಸಿದ್ಧವಾಗಿದೆ. ಆಮೇಲೆ ಮುಖ್ಯ ಭಕ್ಷ್ಯ. ಹೊಸಬನ ಧೈರ್ಯದ ಪರೀಕ್ಷೆ ನಡೆಯುವುದು ಇಲ್ಲಿ. ‘ತಾಬ್ಲಿಯೇ ದ ಸಾಪರ್’, ಅಂದರೆ ದಂಡಿನ ಕಂದಕ ತೋಡುವವನ ಸೊಂಟವಸ್ತ್ರ, ಎಂಬ ಹೆಸರಿನಿಂದ ಏನನ್ನೂ ಊಹಿಸಲಾಗದು. ಅದು ದನದ ಬೋಟಿ. ಬಿಳಿಯ ಮದ್ಯದಲ್ಲಿ ನೆನೆಹಾಕಿ, ಬೇಯಿಸಿ, ರೊಟ್ಟಿಪುಡಿಯಲ್ಲಿ ಹೊರಳಿಸಿ, ಅಗಲವಾದ ಹಾಳೆಯಂತೆ ಹುರಿದಿರುತ್ತಾರೆ. ಮೂರನೆಯ ನೆಪೋಲಿಯನ್ನನ ಕಾಲದಲ್ಲಿ ಲಿಯೋನಿನ ಸೈನ್ಯಾಧಿಪತಿಯಾಗಿದ್ದ ಮಾರ್ಷಲ್ ಕಾಸ್ತೆಲಾನನಿಗೆ ಇದು ಪ್ರಿಯವಾಗಿತ್ತೆಂದೂ, ಅವನ ಸೈನಿಕರು ಉಡುತ್ತಿದ್ದ ತೊಗಲಿನ ಹೊದಿಕೆಯನ್ನು ಹೋಲುವುದರಿಂದ ಈ ಹೆಸರು ಬಂತೆಂದೂ ಹೇಳುತ್ತಾರೆ. ‘ಆಂದೂಯೆತ್’ ಎಂಬುದು ಕರುಳಿನೊಳಗೆ ಕರುಳನ್ನು ತುಂಬಿದ ಸುರುಳಿ. ಸಾಸಿವೆಯ ಗೊಜ್ಜಿನೊಡನೆ ಬರುತ್ತದೆ. ಅದರ ವಾಸನೆಗೆ ಫ್ರಾನ್ಸಿನವರಲ್ಲಿಯೇ ಎರಡು ಪಕ್ಷಗಳುಂಟು. ಎರಡಕ್ಕೂ ಧೈರ್ಯ ಸಾಲದವನು ‘ಕೆನೆಲ್’ ಕೇಳುತ್ತಾನೆ. ಪೈಕ್ ಎಂಬ ಹೊಳೆಮೀನಿನ ಮಾಂಸವನ್ನು ನುಣ್ಣಗೆ ಅರೆದು, ಹಿಟ್ಟು, ಬೆಣ್ಣೆ, ಮೊಟ್ಟೆ ಕೂಡಿಸಿ ಕಡುಬಿನಾಕಾರಕ್ಕೆ ತಂದು, ಸಿಹಿನೀರ ಸೀಗಡಿಯ ಕೆಂಬಣ್ಣದ ಗೊಜ್ಜಿನಲ್ಲಿ ಒಲೆಯೊಳಗಿಟ್ಟರೆ ಅದು ಉಬ್ಬಿ ಎರಡರಷ್ಟಾಗುತ್ತದೆ. ಈ ಮೀನಿನ ಮೈತುಂಬ ಕೂದಲಿನಂಥ ಮುಳ್ಳು. ಅರೆದು ಸೋಸಿದರೆ ಮಾತ್ರ ಉಣ್ಣಲು ಯೋಗ್ಯ. ಬಿಸಾಡಬಹುದಾದ ಮೀನನ್ನು ಬಿಸಾಡದೆ ಉಳಿಸಿದ ಯುಕ್ತಿಯೇ ಇಂದು ನಗರದ ಹೆಮ್ಮೆಯ ಭಕ್ಷ್ಯವಾಗಿದೆ.

ಬೋಗುಣಿಯಿಂದ ಬಾಣಲೆಯವರೆಗೆ ಹೆಚ್ಚು ಕಡಿಮೆ ಎಲ್ಲವೂ ಇದೇ ಜಾತಿಯದು. ಪಶುವನ್ನು ಕಡಿದಾಗ ನಾಲ್ಕು ಒಳ್ಳೆಯ ಪಾಲುಗಳು ಉಳ್ಳವರ ಮನೆಗೆ ಹೋಗುತ್ತವೆ. ಕಾಲು, ಕಿವಿ, ಕರುಳು, ಜಠರ, ಈಲಿ ಎಂಬ ಉಳಿಕೆಗೆ ಯೂರೋಪಿನ ಕಟುಕರು ‘ಐದನೆಯ ಪಾಲು’ ಎನ್ನುತ್ತಾರೆ. ಬೂಶೋನಿನ ಅಡಿಗೆ ಈ ಐದನೆಯ ಪಾಲಿನ ಅಡಿಗೆ. ಅದನ್ನು ಉಂಡವರಲ್ಲಿ ಕ್ರ್ವಾ-ರೂಸ್ ಗುಡ್ಡದ ರೇಷ್ಮೆ ನೇಕಾರರು ಮುಖ್ಯರು. ಅವರಿಗೆ ‘ಕಾನ್ಯು’ಗಳೆಂದು ಹೆಸರು.

ಲಿಯೋನಿಗೆ ರೇಷ್ಮೆಯ ಭಾಗ್ಯ ಬಂದದ್ದು 1536ರಲ್ಲಿ, ಒಂದನೆಯ ಫ್ರಾನ್ಸಿಸ್ ದೊರೆ ಇಲ್ಲಿ ನೇಯ್ಗೆಗೆ ವಿಶೇಷ ಸೌಲಭ್ಯಗಳನ್ನು ದಯಪಾಲಿಸಿದಾಗ. ಮುಂದೆ ರಾಜರ ಅರಮನೆಯ ತೆರೆಗಳು, ಬಿಷಪ್ಪರ ನಿಲುವಂಗಿಗಳು, ರಾಣಿಯರ ಉಡುಪುಗಳು ಇಲ್ಲಿಯೇ ನೇಯಲ್ಪಟ್ಟವು. ಈ ಊರಿನವನೇ ಆದ ಜೋಸೆಫ್ ಮಾರಿ ಜಾಕಾರ್ 1804ರ ಸುಮಾರಿಗೆ, ತೂತು ಕೊರೆದ ರಟ್ಟಿನ ಹಲಗೆಗಳ ಸರದಿಂದ ಹಾಸಿನ ಎಳೆಗಳನ್ನು ಎತ್ತಿ ಇಳಿಸುವ ಯಂತ್ರವನ್ನು ಸಿದ್ಧಪಡಿಸಿದ. ಯಂತ್ರ ಎತ್ತರವಾದ್ದರಿಂದ ಅದಕ್ಕೆ ತಕ್ಕ ಮನೆಗಳೇ ಬೇಕಾದವು. ಕ್ರ್ವಾ-ರೂಸಿನ ಮನೆಗಳ ಚಾವಣಿ ಸುಮಾರು ನಾಲ್ಕು ಮೀಟರು ಎತ್ತರವಿರುವುದೂ ಕಿಟಕಿಗಳು ಅಷ್ಟು ದೊಡ್ಡವಾಗಿರುವುದೂ ಮಗ್ಗದ ಸಲುವಾಗಿ. ಮನೆಯವರ ಸುಖಕ್ಕಾಗಿ ಅಲ್ಲ. ಸಂಸಾರ ಮಲಗುತ್ತಿದ್ದುದು ಮೂಲೆಯ ಮೇಲೆ ಕಟ್ಟಿದ ಅಟ್ಟದಲ್ಲಿ.

ನೇಕಾರ ತನ್ನ ಮನೆಯಲ್ಲಿ ತನ್ನದೇ ಮಗ್ಗದ ಮುಂದೆ ಕುಳಿತಿದ್ದರೂ ಸ್ವತಂತ್ರನಾಗಿರಲಿಲ್ಲ. ನೂಲು ವರ್ತಕನದು, ಮಾದರಿ ವರ್ತಕನದು, ನೇಯ್ದ ಬಟ್ಟೆಗೆ ಬೆಲೆ ಕಟ್ಟುವವನೂ ವರ್ತಕನೇ. ದಿನಕ್ಕೆ ಹದಿನೈದು ಗಂಟೆಗಳಿಗೆ ಕಡಿಮೆಯಿಲ್ಲದೆ ದುಡಿಮೆ. ರಾತ್ರಿಯೆಲ್ಲ ದುಡಿದವರು ಬೆಳಗಿನ ಹೊತ್ತಿನಲ್ಲಿ ಬೂಶೋನಿಗೆ ಇಳಿದುಬಂದು ತಣ್ಣನೆಯ ಮಾಂಸ, ರೊಟ್ಟಿ, ಒಂದು ಪೋ ಮದ್ಯ ಮುಗಿಸಿ ಹೋಗುತ್ತಿದ್ದರು. ಈ ಬೆಳಗಿನ ಊಟಕ್ಕೆ ‘ಮಾಶೋನ್’ ಎಂದು ಹೆಸರು. ಈಗಲೂ ಕೆಲವು ಮನೆಗಳಲ್ಲಿ ಒಂಬತ್ತು ಗಂಟೆಗೆ ಮಾಶೋನ್ ಬಡಿಸುತ್ತಾರೆ. ಉಣ್ಣುವವರು ಮಾತ್ರ ರಾತ್ರಿಯೆಲ್ಲ ನೇಯ್ದು ಬಂದವರಲ್ಲ.

ಹಾಗೆಂದು, ಇಂದು ಬೂಶೋನಿನಲ್ಲಿ ಬರುವ ನಾಲ್ಕು ಬಡಿಸುವಿಕೆಯ ಭಾರಿ ಊಟವನ್ನು ಬಡ ನೇಕಾರ ದಿನವೂ ಉಣ್ಣುತ್ತಿದ್ದನೆಂದು ಭಾವಿಸಿದರೆ ಅದು ಶುದ್ಧ ತಪ್ಪು. ಗೋಡೆಯ ಮೇಲಿನ ಚಿತ್ರಗಳಲ್ಲಿ ಕೆಂಪು ಕೆನ್ನೆಯ ಕಾನ್ಯು ತೊಡೆ ತಟ್ಟಿಕೊಂಡು ನಗುತ್ತಿರುತ್ತಾನೆ. ಆ ಕಾಲದ ದಾಖಲೆಗಳಲ್ಲಿ ಕಾಣುವವನು ಬಿಳಿಚಿಕೊಂಡ, ಬೆನ್ನು ಬಾಗಿದ ಮನುಷ್ಯ. ಅವನಿಗೆ ನಂಬಿಕೆಯ ಆಹಾರವೆಂದರೆ ರೊಟ್ಟಿ, ಸಾರು, ಆಲೂಗಡ್ಡೆ, ಹಸಿ ಚೀಸು.

ಆ ಹಸಿ ಚೀಸಿನ ಸರದಿ ಬರುವುದು ಮುಖ್ಯ ಭಕ್ಷ್ಯದ ಅನಂತರ. ಇಡೀ ಊಟದಲ್ಲಿ ಹೆಚ್ಚು ವಿಚಾರಕ್ಕೆ ಎಡೆಕೊಡುವ ಪದಾರ್ಥ ಇದೇ. ಸಣ್ಣ ಬಟ್ಟಲಿನಲ್ಲಿ ಬೆಳ್ಳಗೆ, ಮೆತ್ತಗೆ, ಹಸುರು ಚುಕ್ಕೆಗಳೊಡನೆ ಬಂದು ಕೂರುತ್ತದೆ. ನೀರು ಬಸಿದ ಗಟ್ಟಿ ಮೊಸರಿನಂಥ ಹಸಿ ಚೀಸನ್ನು ಚೆನ್ನಾಗಿ ಬಡಿದು ಅದಕ್ಕೆ ಸಣ್ಣಗೆ ಕೊಚ್ಚಿದ ಚಿಕ್ಕ ಈರುಳ್ಳಿ, ಒಂದಿಷ್ಟು ಬೆಳ್ಳುಳ್ಳಿ, ಎಳೆಯ ಸೊಪ್ಪುಗಳು, ಉಪ್ಪು, ಮೆಣಸು, ಎಣ್ಣೆ, ತುಸು ವಿನೆಗರು ಸೇರಿಸಿರುತ್ತಾರೆ. ರೊಟ್ಟಿಗೆ ಸವರಿಕೊಂಡೋ ಬೇಯಿಸಿದ ಆಲೂಗಡ್ಡೆಯೊಡನೆಯೋ ಉಣ್ಣಬೇಕು. ಕರ್ನಾಟಕದಿಂದ ಹೋದವನು ಮೊದಲ ತುತ್ತಿಗೇ ಗುರುತು ಹಿಡಿಯುತ್ತಾನೆ: ಮೊಸರು ಬಜ್ಜಿಯ ಅಣ್ಣನೋ ತಮ್ಮನೋ ಆಗಬೇಕು. ಸಸ್ಯಾಹಾರಿಗೆ ಈ ಮನೆಯಲ್ಲಿ ಬೇಳೆಕಾಳಿನ ಬೋಗುಣಿ, ಕೆನೆಯಲ್ಲಿ ಬೆಂದ ಆಲೂಗಡ್ಡೆ, ಈ ಬಟ್ಟಲು, ಇಷ್ಟೇ ಗತಿ. ಈರುಳ್ಳಿಯ ಸಾರಿಗೂ ಮಾಂಸದ ಕಟ್ಟು ಬೆರೆತಿರುವುದು ಸಾಮಾನ್ಯ. ಆಚಾರದಲ್ಲಿ ಬಲು ಕಟ್ಟುನಿಟ್ಟಾದವರು ಫ್ರಾನ್ಸಿನ ಚೀಸು ಹೆಪ್ಪುಗಟ್ಟಲು ಸಾಮಾನ್ಯವಾಗಿ ಕರುವಿನ ಜಠರದ ಹೆಪ್ಪನ್ನೇ ಬಳಸುತ್ತಾರೆಂಬುದನ್ನೂ ತಿಳಿದಿರುವುದು ಮೇಲು.

ಈ ಬಟ್ಟಲಿನ ಹೆಸರು ‘ಸೆರ್ವೆಲ್ ದ ಕಾನ್ಯು’, ಎಂದರೆ ನೇಕಾರನ ಮಿದುಳು.

ಹೆಸರು ಹೇಗೆ ಬಂತೆಂಬುದಕ್ಕೆ ಎರಡು ಬಗೆಯ ವಿವರಣೆಗಳುಂಟು. ಉಳ್ಳವರ ಮನೆಯಲ್ಲಿ ಕುರಿಮರಿಯ ಮಿದುಳನ್ನು ಬೆಣ್ಣೆಯಲ್ಲಿ ಹುರಿದು ಬಡಿಸುತ್ತಿದ್ದರು. ಅದನ್ನು ಕೊಳ್ಳಲಾರದ ನೇಕಾರ ಬಣ್ಣದಲ್ಲೂ ಮೆದುತನದಲ್ಲೂ ಅದನ್ನು ಹೋಲುವ ಹಸಿ ಚೀಸನ್ನು ಮುಂದಿಟ್ಟುಕೊಂಡು ‘ಇದೇ ನಮ್ಮ ಮಿದುಳು’ ಎಂದು ನಕ್ಕನೆಂಬುದು ಒಂದು. ಗುಡ್ಡದ ಬುಡದ ವರ್ತಕರು, ‘ನೇಕಾರನ ತಲೆಯೊಳಗೆ ಇರುವುದು ಇಷ್ಟೇ’ ಎಂದು ಹಂಗಿಸಿದ್ದೇ ಹೆಸರಾಯಿತೆಂಬುದು ಇನ್ನೊಂದು. ಮೊದಲನೆಯದು ಬಡವನ ವಿನೋದ, ಎರಡನೆಯದು ಧನಿಕನ ತಾತ್ಸಾರ. ಬೂಶೋನಿನ ಯಜಮಾನಿಯನ್ನು ಕೇಳಿದರೆ ಆಯಾ ಹೊತ್ತಿನ ಮನಸ್ಸಿಗೆ ಬಂದುದನ್ನು ಹೇಳುತ್ತಾಳೆ. ಅತಿಥಿಗಳು ಎರಡಕ್ಕೂ ನಗುತ್ತಾರೆ.

ಆದರೆ ಆ ಮಿದುಳು ಏನೇನು ಮಾಡಬಲ್ಲುದಾಗಿತ್ತು ಎಂಬುದಕ್ಕೆ ಚರಿತ್ರೆ ಸಾಕ್ಷಿಯಿದೆ. 1831ರ ಅಕ್ಟೋಬರ್ ತಿಂಗಳಲ್ಲಿ ನೇಕಾರರ ಪ್ರತಿನಿಧಿಗಳೂ ವರ್ತಕರ ಪ್ರತಿನಿಧಿಗಳೂ ಸರ್ಕಾರದ ಅಧಿಕಾರಿಯ ಸಮ್ಮುಖದಲ್ಲಿ ಕುಳಿತು ನೇಯ್ಗೆಗೆ ಕನಿಷ್ಠ ಕೂಲಿಯನ್ನು ಗೊತ್ತುಮಾಡಿದರು. ನೂರಕ್ಕೂ ಮಿಕ್ಕು ವರ್ತಕರು ಅದನ್ನು ತಿರಸ್ಕರಿಸಿದರು. ನವೆಂಬರ್ 21ರಂದು ನೇಕಾರರು ಮಗ್ಗಗಳನ್ನು ನಿಲ್ಲಿಸಿ, ಗುಡ್ಡವಿಳಿದು ಬಂದರು. ಅವರ ಕರಿಯ ಬಾವುಟದ ಮೇಲೆ, ದುಡಿದು ಬದುಕುವೆವು, ಇಲ್ಲವೇ ಕಾದಾಡಿ ಸಾಯುವೆವು ಎಂಬರ್ಥದ ಮಾತಿತ್ತು. ಮೂರು ದಿನಗಳಲ್ಲಿ ಸೈನ್ಯ ಹಿಮ್ಮೆಟ್ಟಿ ನಗರವೇ ಅವರ ಕೈಗೆ ಬಂತು. ಕೈಗೆ ಬಂದ ನಗರವನ್ನು ಅವರು ಕೊಳ್ಳೆಹೊಡೆಯಲಿಲ್ಲ. ವರ್ತಕರ ಸ್ವತ್ತಿಗೆ ತಾವೇ ಕಾವಲು ನಿಂತರು. ಡಿಸೆಂಬರಿನಲ್ಲಿ ಪ್ಯಾರಿಸಿನಿಂದ ಸುಮಾರು ಇಪ್ಪತ್ತು ಸಾವಿರ ಸೈನಿಕರು ಬಂದರು. ಗೊತ್ತುಮಾಡಿದ ಕೂಲಿ ರದ್ದಾಯಿತು, ಅದಕ್ಕೆ ಒಪ್ಪಿದ್ದ ಅಧಿಕಾರಿಯೂ ಕೆಲಸ ಕಳೆದುಕೊಂಡ. 1834ರ ಏಪ್ರಿಲ್‌ನಲ್ಲಿ ಎರಡನೆಯ ಬಾರಿ ಎದ್ದಾಗ ಸರ್ಕಾರ ಫಿರಂಗಿಗಳಿಂದ ಉತ್ತರ ಕೊಟ್ಟಿತು. ನೂರಾರು ಜನ ಸತ್ತರು. ಒಂದು ಕಟ್ಟಡದೊಳಗೆ ಹೊಕ್ಕು ಇನ್ನೊಂದು ಬೀದಿಯಲ್ಲಿ ಹೊರಬೀಳುವ ‘ಟ್ರಾಬೂಲ್’ ಎಂಬ ಒಳದಾರಿಗಳು ಈ ಗುಡ್ಡದ ತುಂಬ ಇವೆ. ಮಳೆಗೆ ನೆನೆಯದಂತೆ ರೇಷ್ಮೆಯನ್ನು ಹೊತ್ತೊಯ್ಯಲು ಒದಗಿದ ಆ ದಾರಿಗಳೇ ಅಂದು ದಂಡಿನವರ ಕಣ್ಣು ತಪ್ಪಿಸಲೂ ಒದಗಿದವು.

ಇಷ್ಟೆಲ್ಲ ಕೋಲಾಹಲದ ನೆನಪು ಒಂದು ಬಟ್ಟಲು ಚೀಸಿನಲ್ಲಿ ಎಷ್ಟು ಉಳಿದೀತು? ಹೆಚ್ಚೇನೂ ಇಲ್ಲವೆಂದೇ ಹೇಳಬೇಕು. ಆದರೆ ಅಣಕದ ಹೆಸರನ್ನು ಊರು ಅಳಿಸಿಹಾಕಲಿಲ್ಲ, ಸಭ್ಯವಾದ ಬೇರೆ ಹೆಸರಿಡಲಿಲ್ಲ. ‘ಕ್ಲಾಕ್ರೆ’ ಎಂಬ ನಿರುಪದ್ರವಿಯಾದ ಹೆಸರೊಂದು ಇದ್ದೇ ಇದೆ. ಅದನ್ನು ಬಳಸುವವರು ಕಡಿಮೆ.

ಹಿಟ್ಟು ಮೆತ್ತಿದ ಸೊಂಟವಸ್ತ್ರದಲ್ಲಿ ಮೇಜಿನಿಂದ ಮೇಜಿಗೆ ಓಡಾಡುತ್ತ ಗದರಿಸುತ್ತ ನಗಿಸುತ್ತ ಇರುವ ಯಜಮಾನಿಯ ವಿಷಯವನ್ನು ಹೇಳದೆ ಲಿಯೋನಿನ ಊಟದ ಕಥೆ ಪೂರೈಸದು. ಈ ನಗರದ ಅಡಿಗೆಗೆ ಹೆಸರು ತಂದವರಲ್ಲಿ ಹೆಂಗಸರೇ ಮೊದಲಿಗರು. ಅವರಿಗೆ ‘ಮೇರ್’, ತಾಯಿ, ಎಂಬುದೇ ಬಿರುದು. ಶ್ರೀಮಂತರ ಮನೆಗಳಲ್ಲಿ ಅಡಿಗೆಯವರಾಗಿದ್ದು, ಮುಂದೆ ಕೆಲಸ ಬಿಟ್ಟೋ ತಪ್ಪಿಯೋ ತಮ್ಮದೇ ಸಣ್ಣ ಮನೆ ತೆರೆದವರು ಇವರಲ್ಲಿ ಅನೇಕರು. ಒಡೆಯರ ಮನೆಯ ನಾಜೂಕನ್ನೂ ಬಡವರ ಮನೆಯ ಮಿತವ್ಯಯವನ್ನೂ ಒಂದೇ ಒಲೆಯ ಮೇಲೆ ಕೂಡಿಸಿದುದು ಇವರ ಕೌಶಲ. 1925ರಲ್ಲಿ ತೀರಿಕೊಂಡ ಮೇರ್ ಫಿಲ್ಯೂ, ಚರ್ಮದಡಿಯಲ್ಲಿ ಟ್ರಫಲ್ ಎಂಬ ಕರಿಯ ನೆಲದಣಬೆಯ ಬಿಲ್ಲೆಗಳನ್ನಿಟ್ಟು ಬೇಯಿಸಿದ ಕೋಳಿಯನ್ನು ಗಿರಾಕಿಗಳ ಎದುರಿಗೇ ಸಣ್ಣ ಚಾಕುವಿನಿಂದ ಕತ್ತರಿಸಿ ಬಡಿಸುತ್ತಿದ್ದಳು. ಬಿಳಿಯ ಚರ್ಮದೊಳಗಿಂದ ಕಪ್ಪು ಕಾಣುವ ಆ ಭಕ್ಷ್ಯಕ್ಕೆ ‘ಅರೆಸೂತಕದ ಕೋಳಿ’ ಎಂದು ಹೆಸರು.

ಅವಳ ಅಡಿಗೆಮನೆಯಲ್ಲಿ ಪಳಗಿದ ಯೂಜೆನಿ ಬ್ರಾಜ್ಯೇ ಹುಟ್ಟಿದ್ದು 1895ರಲ್ಲಿ, ಬ್ರೆಸ್ ಸೀಮೆಯ ಹಳ್ಳಿಯೊಂದರಲ್ಲಿ. ಬಾಲ್ಯದಲ್ಲಿ ಹಂದಿ ಹಸುಗಳನ್ನು ಕಾಯುವ ಕೆಲಸ. ಹತ್ತನೆಯ ವಯಸ್ಸಿನಲ್ಲಿ ತಾಯಿ ತೀರಿಕೊಂಡಳು. ಮದುವೆಯಿಲ್ಲದೆ ಮಗುವಿನ ತಾಯಿಯಾದಾಗ ಊರು ಬಿಡಬೇಕಾಯಿತು. ಮಗುವನ್ನು ಬೇರೆಯವರ ಬಳಿ ಸಾಕಲು ಬಿಟ್ಟು ಲಿಯೋನಿನ ಶ್ರೀಮಂತರೊಬ್ಬರ ಮನೆಗೆ ದಾದಿಯಾಗಿ, ಆಳಾಗಿ ಬಂದ ಹುಡುಗಿ ಅಲ್ಲಿಯೇ ಸೌಟು ಹಿಡಿದಳು. 1921ರಲ್ಲಿ ಕ್ರ್ವಾ-ರೂಸ್ ಗುಡ್ಡದ ಬುಡದಲ್ಲಿ ರ್ಯೂ ರ್ವಾಯಾಲ್ ಎಂಬ ಬೀದಿಯಲ್ಲಿ ಸ್ವಂತ ಭೋಜನಶಾಲೆ ತೆರೆದಳು. ಮುಂದೆ ಊರ ಹೊರಗಿನ ಬೆಟ್ಟದ ಮೇಲೆ ಇನ್ನೊಂದು. ಭೋಜನಶಾಲೆಗಳಿಗೆ ತಾರೆಗಳನ್ನು ಕೊಟ್ಟು ತೂಗುವ ಮಿಶೆಲಿನ್ ಕೈಪಿಡಿ 1933ರಲ್ಲಿ ಅವಳ ಎರಡು ಮನೆಗಳಿಗೂ ಮೂರು ಮೂರು ತಾರೆಗಳನ್ನು ಕೊಟ್ಟಿತು. ಆರು ತಾರೆಗಳನ್ನು ಪಡೆದ ಮೊದಲ ವ್ಯಕ್ತಿ ಅವಳು. ಮತ್ತೊಬ್ಬರು ಆ ಮಟ್ಟ ಮುಟ್ಟಲು 1998ರವರೆಗೆ ಕಾಯಬೇಕಾಯಿತು. ಊರಿನ ಮೇಯರಾಗಿಯೂ ದೇಶದ ಪ್ರಧಾನಿಯಾಗಿಯೂ ಇದ್ದ ಎದ್ವಾರ್ ಎರಿಯೋ ಅವಳ ಮನೆಯ ಅತಿಥಿಯಾಗಿದ್ದವರು. ಮುಂದೆ ಜಗದ್ವಿಖ್ಯಾತನಾದ ಪೋಲ್ ಬೋಕ್ಯೂಸ್ ಎರಡನೆಯ ಮಹಾಯುದ್ಧ ಮುಗಿದ ಮೇಲೆ ಅವಳ ಬಳಿ ಕೆಲಸ ಕಲಿಯಲು ಸೇರಿದಾಗ, ಅಡಿಗೆಗಿಂತ ಮುಂಚೆ ಹಸುವಿನ ಹಾಲು ಕರೆಯುವುದನ್ನೂ ತರಕಾರಿ ತೋಟದಲ್ಲಿ ಅಗೆಯುವುದನ್ನೂ ಮಾಡಬೇಕಾಗಿತ್ತು. ಬ್ರಾಜ್ಯೇ 1977ರಲ್ಲಿ ತೀರಿಕೊಂಡಳು. ಅವಳ ಭೋಜನಶಾಲೆ ಇಂದಿಗೂ ಅದೇ ಬೀದಿಯಲ್ಲಿದೆ. ಅದು ಬೂಶೋನ್ ಅಲ್ಲ, ಎಲ್ಲರ ಕಿಸೆಗೆ ಎಟುಕುವುದೂ ಅಲ್ಲ. ಆದರೆ ಲಿಯೋನನ್ನು ಜಗತ್ತಿನ ಭೋಜನಕಲೆಯ ರಾಜಧಾನಿಯೆಂದು ಕ್ಯೂರ್ನೋನ್ಸ್ಕಿ ಎಂಬ ರಸಜ್ಞ ಲೇಖಕ 1935ರಲ್ಲಿ ಸಾರಿದಾಗ ಇಂಥ ತಾಯಂದಿರ ಒಲೆಗಳು ಉರಿಯುತ್ತಿದ್ದವು ಎಂಬುದನ್ನು ಮರೆಯುವಂತಿಲ್ಲ.

ರಾಜಧಾನಿ ಎಂಬ ಪಟ್ಟ ಬಂದ ಮೇಲೆ ನೋಡುವವರ ಗುಂಪೂ ಬಂತು, ಗುಂಪಿನ ಹಿಂದೆ ಕೃತ್ರಿಮವೂ ಬಂತು. ಚೌಕಳಿ ಬಟ್ಟೆ ಹಾಸಿ, ಗೋಡೆಗೆ ಎರಡು ತಾಮ್ರದ ಪಾತ್ರೆ ತೂಗುಹಾಕಿ, ಕಾರ್ಖಾನೆಯಿಂದ ಬಂದ ಕೆನೆಲ್‌ಗಳನ್ನು ಬಿಸಿಮಾಡಿ ಕೊಡುವ ಮನೆಗಳೂ ‘ಬೂಶೋನ್’ ಎಂದು ಫಲಕ ಹಾಕಿಕೊಂಡವು. ನಿಜವಾದುದಕ್ಕೂ ವೇಷಕ್ಕೂ ವ್ಯತ್ಯಾಸ ತಿಳಿಯಲೆಂದು 1997ರಲ್ಲಿ ಒಂದು ಸಂಘ ಹುಟ್ಟಿ, ನ್ಯಾಫ್ರೋನನ ಚಿತ್ರವಿರುವ ಗುರುತನ್ನು ಕೊಡತೊಡಗಿತು. ನ್ಯಾಫ್ರೋನ್ ಎಂದರೆ ಗೋಡೆಯ ಮೇಲೆ ತೂಗಾಡುವ ಗೊಂಬೆಗಳಲ್ಲಿ ಒಬ್ಬ, ಮೂಗು ಕೆಂಪಾದ ಕುಡುಕ ಚಮ್ಮಾರ. ಅವನ ಗೆಳೆಯ ಗಿನ್ಯೋಲನನ್ನು 1808ರ ಸುಮಾರಿಗೆ ಸೃಷ್ಟಿಸಿದ ಲೋರಾಂ ಮೂರ್ಗೇ ಮೊದಲು ನೇಕಾರನಾಗಿದ್ದವನು. ಕಸುಬು ಕೆಟ್ಟು ಸಂತೆಗಳಲ್ಲಿ ಹಲ್ಲು ಕೀಳುತ್ತಿದ್ದಾಗ ಜನ ಸೇರಿಸಲೆಂದು ಗೊಂಬೆಯಾಟ ಹಿಡಿದನು. 2012ರಲ್ಲಿ ವಾಣಿಜ್ಯ ಮಂಡಲಿಯೂ ಪ್ರವಾಸ ಇಲಾಖೆಯೂ ಸೇರಿ ಹೊಸ ಮುದ್ರೆಯೊಂದನ್ನು ಏರ್ಪಡಿಸಿದವು. ಅದನ್ನು ಪಡೆದ ಮನೆಗಳ ಸಂಖ್ಯೆ ಇಪ್ಪತ್ತರ ಆಸುಪಾಸು. ಮುದ್ರೆಯ ಅಗತ್ಯವೇ ಇಲ್ಲವೆಂದು ತಮ್ಮಷ್ಟಕ್ಕೆ ತಾವು ಬೇಯಿಸುತ್ತಿರುವ ಹಳೆಯ ಮನೆಗಳೂ ಉಂಟು. ಹೊಸಬನಿಗೆ ಮುದ್ರೆ ಒಂದು ಆಸರೆ; ಆದರೆ ಬಾಗಿಲಲ್ಲಿ ನಿಂತು ಕೈಬೀಸಿ ಕರೆಯುವವರಿರುವ ಮನೆಯನ್ನು ಬಿಟ್ಟು ಮುಂದೆ ಹೋಗುವುದು ಅದಕ್ಕಿಂತ ಉತ್ತಮವಾದ ಆಸರೆ.

ಕೊನೆಗೆ ಸಿಹಿ. ಗುಲಾಬಿ ಬಣ್ಣದ ಸಕ್ಕರೆ ಪಾಕ ಮೆತ್ತಿದ ಬಾದಾಮಿಯನ್ನು ಜಜ್ಜಿ, ಕೆನೆಯಲ್ಲಿ ಕುದಿಸಿ, ಹಿಟ್ಟಿನ ತಟ್ಟೆಯಲ್ಲಿ ಸುರಿದು ಸುಟ್ಟ ಕಡುಗೆಂಪು ಹೋಳು. ಜಾತ್ರೆಯ ಬಣ್ಣದ ಮಿಠಾಯಿಯನ್ನು ಕಂಡು ಬೆಳೆದವನಿಗೆ ಅದರ ಬಣ್ಣ ವಿಚಿತ್ರವೆನಿಸದು. ಅನಂತರ ಕರಿಯ ಕಾಫಿ, ಲೆಕ್ಕದ ಚೀಟಿ. ನೇಕಾರನ ಊಟದ ಹೆಸರಿನಲ್ಲಿ ತಾನು ತೆತ್ತ ಹಣವನ್ನು ನೋಡಿ ಯಾತ್ರಿಕ ಒಂದು ಕ್ಷಣ ಯೋಚಿಸದೆ ಇರಲಾರ.

ಹೊಟ್ಟೆ ಭಾರವಾದವನು ಗುಡ್ಡ ಹತ್ತುವುದು ಒಳ್ಳೆಯದು. ಕ್ರ್ವಾ-ರೂಸಿನ ಮೇಲೆ ನೇಕಾರರ ಹೆಸರಿನ ಸಂಗ್ರಹಾಲಯವೊಂದಿದೆ. ಅಲ್ಲಿ ಜಾಕಾರನ ಮಗ್ಗವನ್ನು ಈಗಲೂ ನಡೆಸಿ ತೋರಿಸುತ್ತಾರೆ. ಮಗ್ಗದ ಸದ್ದನ್ನು ಊರವರು ‘ಬಿಸ್ತಾಂಕ್ಲಾಕ್-ಪಾನ್’ ಎಂದು ಅನುಕರಿಸುತ್ತಾರೆ. ಒಂದು ಕಾಲದಲ್ಲಿ ಇಡೀ ಗುಡ್ಡ ಈ ಒಂದೇ ಸದ್ದಿನಿಂದ ತುಂಬಿತ್ತು. 1831ರಲ್ಲಿ ಸುಮಾರು 8,000 ಮಗ್ಗದ ಯಜಮಾನರೂ 30,000 ಕೂಲಿ ನೇಕಾರರೂ ಇದ್ದರೆಂದು ಲೆಕ್ಕ. ಮುಂದೆ ಫ್ರಾನ್ಸಿನ ರೇಷ್ಮೆಹುಳುಗಳಿಗೆ ನಮ್ಮ ಬೆಳೆಗಾರರು ಗಂಟುರೋಗವೆನ್ನುವ ವ್ಯಾಧಿ ತಗುಲಿತು. 1865ರಲ್ಲಿ ಲೂಯಿ ಪಾಶ್ಚರ್ ಅದರ ಶೋಧನೆಗೆ ಇಳಿದು, ಮೊಟ್ಟೆಯಿಟ್ಟ ತಾಯಿಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿ ರೋಗವಿಲ್ಲದ ಮೊಟ್ಟೆಗಳನ್ನಷ್ಟೇ ಉಳಿಸುವ ಉಪಾಯ ಕಂಡುಹಿಡಿದನು. ಉಪಾಯ ಫಲಿಸಿತು, ಆದರೆ ಅಷ್ಟರಲ್ಲಿ ಏಷ್ಯಾದ ರೇಷ್ಮೆ ಬಂದರುಗಳನ್ನು ತುಂಬಿತ್ತು. ಆಮೇಲೆ ಯಂತ್ರದ ಮಗ್ಗಗಳು ಬಂದವು, ಕೃತಕ ನೂಲು ಬಂತು. ಕ್ರ್ವಾ-ರೂಸಿನ ಎತ್ತರದ ಕೋಣೆಗಳಲ್ಲಿ ಈಗ ಚಿತ್ರಕಾರರೂ ನೌಕರರೂ ವಾಸವಾಗಿದ್ದಾರೆ. ಆ ದೊಡ್ಡ ಕಿಟಕಿಗಳಿಗಾಗಿಯೇ ಬಾಡಿಗೆ ಹೆಚ್ಚು. ಅದೇ ಜಕಾರ್ಡ್ ದೊಡ್ಡಬಳ್ಳಾಪುರದ ಮಗ್ಗಗಳ ಮೇಲೆ ಇಂದಿಗೂ ಸೀರೆಯ ಅಂಚನ್ನೂ ಸೆರಗನ್ನೂ ಎತ್ತುತ್ತಿದೆ. ಪಾಶ್ಚರನ ಪರೀಕ್ಷೆ ಕರ್ನಾಟಕದ ಬಿತ್ತನೆ ಕೋಠಿಗಳಲ್ಲಿ ಇಂದಿಗೂ ನಡೆಯುತ್ತಿದೆ.

ಸಂಗ್ರಹಾಲಯದ ನೇಕಾರ ನೋಡುಗರಿಗಾಗಿ ಕೆಲವೇ ಅಂಗುಲ ನೇಯ್ದು ಮಗ್ಗ ನಿಲ್ಲಿಸುತ್ತಾನೆ. ಹೊರಗೆ ಬಂದು ಟ್ರಾಬೂಲಿನ ಕತ್ತಲೆಯ ಮೆಟ್ಟಿಲುಗಳಲ್ಲಿ ಇಳಿದರೆ ಸಂಜೆಯ ಹೊತ್ತಿಗೆ ಮತ್ತೆ ಆ ಇಕ್ಕಟ್ಟಿನ ಬೀದಿ. ರಾತ್ರಿಯ ಊಟಕ್ಕೆ ಮೇಜುಗಳನ್ನು ಹಾಸುತ್ತಿರುತ್ತಾರೆ. ಬಾಗಿಲ ಬಳಿಯ ಕರಿಹಲಗೆಯನ್ನು ಒರೆಸಿ, ಯಜಮಾನಿ ಸೀಮೆಸುಣ್ಣದಿಂದ ‘ನೇಕಾರನ ಮಿದುಳು’ ಎಂದು ಬರೆದು, ಮುಂದೆ ಬೆಲೆ ಹಾಕುತ್ತಿರುತ್ತಾಳೆ.